ಲಕ್ಕಮ್ಮನ ಅರ್ಜಿ ಮತ್ತು ತೊಂಬತ್ತಾರು ಸಭೆಗಳು

ಸೋರೆಕೊಪ್ಪಲಿನ ಹಾಲು ಉತ್ಪಾದಕರ ಸಂಘದಲ್ಲಿ ಎಂಟು ವರ್ಷದಿಂದ ಒಂದು ಸಭೆಯೂ ತಪ್ಪಿರಲಿಲ್ಲ. ಒಂದು ಸಭೆಯೂ ನಡೆದೂ ಇರಲಿಲ್ಲ. ಈ ಎರಡು ಮಾತಿಗೂ ಜಗಳವಿಲ್ಲ ಎಂಬುದು ಅರ್ಥವಾಗಬೇಕಾದರೆ ಸಂಘದ ಕಾರ್ಯದರ್ಶಿ ಮೋಹನ್‌ಕುಮಾರನನ್ನು ಯಾವುದಾದರೂ ತಿಂಗಳ ನಾಲ್ಕನೇ ತಾರೀಕು ನೋಡಬೇಕಿತ್ತು. ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ಗಾಡಿಗೆ ಏರಿಸಿ, ಕೈ ತೊಳೆದುಕೊಂಡು, ನಡಾವಳಿ ಪುಸ್ತಕ ತೆಗೆದು, ಐದನೇ ತಾರೀಕು ನಡೆಯಬೇಕಾದ ಆಡಳಿತ ಮಂಡಳಿ ಸಭೆಯನ್ನು ಅವನು ನಾಲ್ಕನೇ ತಾರೀಕೇ ಮುಗಿಸಿಬಿಡುತ್ತಿದ್ದ. “ಸಭೆಯು ಹನ್ನೊಂದು ಗಂಟೆಗೆ ಸರಿಯಾಗಿ ಅಧ್ಯಕ್ಷರ ಘನ ಅಧ್ಯಕ್ಷತೆಯಲ್ಲಿ ಆರಂಭವಾಯಿತು.” ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ಇಂಥ ಅಕ್ಷರ ಬರೆಯುವವನು ಸುಳ್ಳು ಬರೆದಾನೆಂದು ಯಾರೂ ಅನುಮಾನಪಡುವಂತಿರಲಿಲ್ಲ.

ಮಾರನೆಯ ದಿನ ಪುಸ್ತಕವನ್ನು ಸ್ಕೂಟರಿನಲ್ಲಿಟ್ಟುಕೊಂಡು ಸಹಿಗೆ ಹೊರಡುತ್ತಿದ್ದ. ಅಧ್ಯಕ್ಷ ಕೆಂಪಣ್ಣ ಊರಿನ ದೊಡ್ಡ ಹಿಡುವಳಿದಾರ. ಟ್ರ್ಯಾಕ್ಟರಿನಿಂದ ಇಳಿಯುವ ತೊಂದರೆ ತೆಗೆದುಕೊಳ್ಳದೆ, ಪುಸ್ತಕವನ್ನು ಚಕ್ರದ ಮೇಲಿನ ತಗಡಿನ ಮೇಲಿಟ್ಟು, ತನ್ನ ಘನ ಅಧ್ಯಕ್ಷತೆಯನ್ನು ಎರಡು ಸೆಕೆಂಡಿನಲ್ಲಿ ಪೂರೈಸುತ್ತಿದ್ದ. ನಿರ್ದೇಶಕ ಚೆನ್ನಯ್ಯ ಅರಳಿಕಟ್ಟೆಯ ಮೇಲೆ ಇಸ್ಪೀಟಿನ ಎಲೆ ಎಡಗೈಗೆ ಬದಲಾಯಿಸಿ ಬಲಗೈಲಿ ಸಹಿ ಹಾಕುತ್ತಿದ್ದ. ಮಹಿಳಾ ಮೀಸಲಿನ ನಿರ್ದೇಶಕಿ ಮಲ್ಲಿಗಮ್ಮನ ಸಹಿಯನ್ನು ಆಕೆಯ ಗಂಡ ಜಗುಲಿಯ ಮೇಲೆ ಕೂತು ಹಾಕುತ್ತಿದ್ದ. ಆಕೆ ಒಳಗೆ ಮುದ್ದೆ ತೊಳಸುತ್ತಿರುತ್ತಿದ್ದಳು. ಹೀಗೆ ಮಹಿಳೆಯರಿಗೆ ಪ್ರಾತಿನಿಧ್ಯವೂ ಸಿಕ್ಕಂತಾಗುತ್ತಿತ್ತು.

ಸಭೆ ನಡೆಸದಿರುವುದು ಸುಲಭ. ನಡೆಯದ ಸಭೆಗೆ ವಿಷಯ ಹುಡುಕುವುದೇ ಕಷ್ಟ. ಹಿಂದಿನ ನಡಾವಳಿ ಓದಿ ಅಂಗೀಕರಿಸುವುದು ಒಂದು. ಹಾಲಿನ ಗುಣಮಟ್ಟ ಹೆಚ್ಚಿಸಲು ಕರೆ ನೀಡುವುದು ಎರಡು. ಮೂರನೆಯದು? ಆ ಮೂರನೆಯದಕ್ಕೆ ದೇವರು ಕೊಟ್ಟ ಹಾಗೆ ಒದಗಿದ್ದವಳು ಲಕ್ಕಮ್ಮ.

ಲಕ್ಕಮ್ಮನ ಗಂಡ ಚಂದ್ರಯ್ಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಂಘದ ಸದಸ್ಯತ್ವ ಅವನ ಹೆಸರಿನಲ್ಲಿತ್ತು. ಅದನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಆಕೆ ಒಂದು ಅರ್ಜಿ ಕೊಟ್ಟಿದ್ದಳು. ಅದು ತೀರುವವರೆಗೆ ಆಕೆ ಕರೆದು ತಂದ ಹಾಲನ್ನು ದಿನಕ್ಕೆ ಎರಡು ಹೊತ್ತು ಚಂದ್ರಯ್ಯನೇ ಹಾಕುತ್ತಿದ್ದ. ಹಸುವಿಗೆ ವಿಮೆ ಮಾಡಿಸಬೇಕಾದರೆ ಚಂದ್ರಯ್ಯ ಸಹಿ ಹಾಕಬೇಕು, ಪಶುವೈದ್ಯರನ್ನು ಕರೆಸಬೇಕಾದರೆ ಚಂದ್ರಯ್ಯ ಕೇಳಬೇಕು. ಚಂದ್ರಯ್ಯ ತೋಟದ ಮೂಲೆಯಲ್ಲಿ ಮಣ್ಣಿನಡಿ ಮಲಗಿದ್ದ. ಹೋದ ವರ್ಷ ಹೊಟ್ಟೆಯುಬ್ಬರ ಬಂದು ಆಕೆಯ ಒಂದು ಹಸು ಹಾಗೇ ಸತ್ತುಹೋಯಿತು. ಅದೇ ವರ್ಷ ‘ಅತಿ ಹೆಚ್ಚು ಹಾಲು ಹಾಕಿದ ಸದಸ್ಯ’ ಎಂದು ಚಂದ್ರಯ್ಯನಿಗೆ ಸಂಘದವರು ಸ್ಟೀಲ್ ಕ್ಯಾನು ಕೊಟ್ಟರು. ಲಕ್ಕಮ್ಮ ಗಂಡನ ಪರವಾಗಿ ಅದನ್ನು ಇಸಿದುಕೊಂಡಳು.

ಪ್ರತಿ ತಿಂಗಳೂ ಆರನೇ ತಾರೀಕು ಬೆಳಿಗ್ಗೆ ಹಾಲು ಸುರಿದು ಆಕೆ ಕೇಳುತ್ತಿದ್ದಳು: “ಏನಾಯ್ತಪ್ಪ ನನ್ನರ್ಜಿ?”

“ನೆನ್ನೆ ಚರ್ಚೆಗೆ ಬಂದಿತ್ತು ಕಣವ್ವ. ಎಲ್ರೂ ಬಾಳಾ ತಲೆ ಕೆಡಿಸ್ಕೊಂಡವ್ರೆ. ಮುಂದಿನ ಸಭೇಲಿ ನೋಡಾನ.”

ಪುಸ್ತಕದಲ್ಲೂ ಹಾಗೆಯೇ ಇತ್ತು. “ವಿಷಯ ಮೂರು: ಶ್ರೀಮತಿ ಲಕ್ಕಮ್ಮನವರ ಅರ್ಜಿ. ಕೂಲಂಕಷವಾಗಿ ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು.” ನಲವತ್ಮೂರು ಸಲ. ಲಕ್ಕಮ್ಮನ ಮೇಲೆ ಯಾರಿಗೂ ದ್ವೇಷವಿರಲಿಲ್ಲ, ಯಾರೂ ಅಡ್ಡಿ ಹೇಳಿರಲಿಲ್ಲ. ಆಕೆಯ ಅರ್ಜಿ ತೀರಿಹೋದರೆ ಮುಂದಿನ ತಿಂಗಳು ಬರೆಯುವುದೇನು ಎಂಬುದೊಂದೇ ಮೋಹನ್‌ಕುಮಾರನ ಚಿಂತೆ. ಬರೆಯುವವನ ಕಷ್ಟ ಬರೆಯದವರಿಗೆ ಹೇಗೆ ತಿಳಿಯಬೇಕು!

ಹೀಗಿರುವಾಗ ಹಾಸನದ ಹಾಲು ಒಕ್ಕೂಟದ ದೊಡ್ಡ ಕಚೇರಿಯವರು ಕಾರ್ಯದರ್ಶಿಗಳಿಗೆಲ್ಲ ಒಂದು ದಿನದ ತರಬೇತಿ ಇಟ್ಟರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಕಾರ್ಯದರ್ಶಿಗಳು ಸಾಲಾಗಿ ಕೂತು ಊಟದ ಗಂಟೆ ಕಾಯುತ್ತಿದ್ದರು. ಶ್ರೀಗೌರಿ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ ಫೋನೊಂದನ್ನು ಎತ್ತಿ ಹಿಡಿದು ವಿವರಿಸಿದಳು.

“ಇದರೊಳಗೆ ಒಬ್ಬ ಏಜೆಂಟ್ ಇದಾನೆ ಅಂತ ತಿಳ್ಕೊಳ್ಳಿ. ಮನುಷ್ಯ ಅಲ್ಲ, ಸಾಫ್ಟ್‌ವೇರ್. ಅವನ ಕೈಗೆ, ಕೇಳಿದ್ದನ್ನ ಬರೆದಿಡೋ ಒಂದು ಟೂಲ್ ಕೊಟ್ಟಿದೀವಿ. ಸಭೆ ನಡೆಯುವಾಗ ಫೋನ್ ಮೇಜಿನ ಮೇಲಿಟ್ರೆ ಸಾಕು. ಆಮೇಲೆ ‘ಇತ್ತೀಚಿನ ಸಭೆಗಳ ಸಾರಾಂಶ ಕೊಡು’ ಅಂದ್ರೆ ಯಾವತ್ತು ಸಭೆ ಆಯ್ತು, ಯಾರು ಏನಂದ್ರು, ಏನು ತೀರ್ಮಾನ ಆಯ್ತು, ಎಲ್ಲಾ ಹೇಳ್ತಾನೆ. ಹೇಳದೇ ಇದ್ದದ್ದನ್ನ ಸೇರಿಸಲ್ಲ.”

ಅರಕಲಗೂಡಿನ ಕಡೆಯ ಹಿರಿಯ ಕಾರ್ಯದರ್ಶಿಯೊಬ್ಬ ಕೈಯೆತ್ತಿ, “ಸೇರಿಸಲ್ಲ ಅಂದ್ರೆ ಅದರಿಂದೇನ್ ಪ್ರಯೋಜನ ಮೇಡಂ?” ಎಂದ. ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಅದೇ.

“ಪ್ರತಿ ತಿಂಗಳೂ ತಪ್ಪದೆ ಸಭೆ ನಡೆಸೋ ಸಂಘ ಯಾವುದಿದೆ?” ಎಂದು ಶ್ರೀಗೌರಿ ಕೇಳಿದಳು. ಬುದ್ಧಿಯಿದ್ದವರೆಲ್ಲ ಬೂಟು ನೋಡಿಕೊಂಡರು. ಮೋಹನ್‌ಕುಮಾರ ಎದ್ದು ನಿಂತ. ಯಾಕೆ ಎದ್ದ ಎಂದು ಅವನಿಗೂ ಗೊತ್ತಿರಲಿಲ್ಲ. ಎಂಟು ವರ್ಷ ಒಂದೇ ಸಮನೆ ಬರೆದು ಬರೆದು ಆ ಸಭೆಗಳೆಲ್ಲ ನಡೆದಿವೆ ಎಂದು ಅವನೇ ನಂಬಿಬಿಟ್ಟಿದ್ದನೆಂದು ಕಾಣುತ್ತದೆ.

“ಸೋರೆಕೊಪ್ಪಲು, ಮೇಡಂ. ತೊಂಬತ್ತಾರು ತಿಂಗಳು, ತೊಂಬತ್ತಾರು ಸಭೆ. ಒಂದೂ ತಪ್ಪಿಲ್ಲ.”

“ರೆಕಾರ್ಡಿಂಗ್ ಏನಾದ್ರೂ ಇದೆಯಾ?”

“ಕಡೇ ಮೂರು ತಿಂಗಳದ್ದು ಫೋನಲ್ಲೇ ಇದೆ ಮೇಡಂ.”

ಚಪ್ಪಾಳೆ ಬಿತ್ತು. ಶ್ರೀಗೌರಿ ತಾನೇ ಕೈಯಾರೆ ಅವನ ಫೋನಿಗೆ ಆ ಏಜೆಂಟನ್ನು ಇಳಿಸಿಕೊಟ್ಟಳು. ಎರಡು ವಾರ ಬಿಟ್ಟು ಮೇಲಧಿಕಾರಿಗಳ ಜೊತೆ ಸೋರೆಕೊಪ್ಪಲಿಗೆ ಬರುತ್ತೇವೆ, ಮೂರು ಸಭೆಗಳ ಸಾರಾಂಶ ಎಲ್ಲರ ಮುಂದೆ ಕೇಳಿಸುತ್ತೇವೆ, ಅಲ್ಲೇ ನಿಮಗೆ ‘ಮಾದರಿ ಕಾರ್ಯದರ್ಶಿ’ ಎಂದು ಶಾಲು ಹೊದಿಸುತ್ತೇವೆ ಎಂದಳು. ಬಸ್ಸಿನಲ್ಲಿ ಶಾಂತಿಗ್ರಾಮ ಬರುವವರೆಗೂ ಮೋಹನ್‌ಕುಮಾರ ಶಾಲಿನ ಬಣ್ಣವನ್ನೇ ಯೋಚಿಸುತ್ತಿದ್ದ. ಶಾಂತಿಗ್ರಾಮ ದಾಟಿದ ಮೇಲೆ ಸಭೆಗಳ ನೆನಪಾಯಿತು. ಫೋನು ತೆಗೆದು ಮೆಲ್ಲಗೆ, “ಇತ್ತೀಚಿನ ಸಭೆಗಳ ಸಾರಾಂಶ ಕೊಡು” ಎಂದ.

“ಯಾವ ಸಭೆಯೂ ಕಂಡುಬಂದಿಲ್ಲ,” ಎಂದಿತು ಫೋನು, ಬಸ್ಸಿನ ಮುಂದಿನ ಸೀಟಿನವರಿಗೂ ಕೇಳಿಸುವಂತೆ.

ಅಧ್ಯಕ್ಷ ಕೆಂಪಣ್ಣನಿಗೆ ವಿಷಯ ತಿಳಿಸಿದಾಗ ಆತ ಅರ್ಧ ಗಂಟೆ ಬೈದ. ಆಮೇಲೆ ಶಾಲು ಕಾರ್ಯದರ್ಶಿಗಾದರೆ ಅಧ್ಯಕ್ಷರಿಗೆ ಹಾರವಾದರೂ ಇರುತ್ತದೆಂದು ಕೇಳಿ ಸಮಾಧಾನವಾದ.

“ಎಷ್ಟ್ ಸಭೆ ಬೇಕಂತೆ?”

“ಮೂರು, ಅಣ್ಣ. ಫೆಬ್ರವರಿ, ಮಾರ್ಚು, ಏಪ್ರಿಲ್ಲು.”

“ಭಾನ್ವಾರ ಬೆಳಿಗ್ಗೆ ಮೂರೂ ಮುಗಿಸ್ಬುಡು. ಮದ್ಯಾನ ನಂಗೆ ಚನ್ರಾಯಪಟ್ಣದಲ್ಲಿ ಬೀಗರೂಟ ಅದೆ.”

ಒಂದೇ ಅಡಚಣೆ ಮಲ್ಲಿಗಮ್ಮನದು. ಸಹಿಗೆ ಗಂಡ ಸಾಕಾಗಿತ್ತು, ದನಿಗೆ ಸಾಕಾಗುವಂತಿರಲಿಲ್ಲ. ಗಂಡ ಒಂದು ಸಲ ಸಣ್ಣ ದನಿ ತೆಗೆದು ಮಾತಾಡಿಯೂ ತೋರಿಸಿದ. ಅದನ್ನು ಕೇಳಿ ಹಟ್ಟಿಯಲ್ಲಿದ್ದ ಕರು ಹಗ್ಗ ಕಿತ್ತುಕೊಂಡಿತು. ಕೊನೆಗೆ ಆಕೆಯನ್ನೇ ಕರೆಸಬೇಕೆಂದು ತೀರ್ಮಾನವಾಯಿತು.

ಭಾನುವಾರ ಹತ್ತು ಗಂಟೆಗೆ ಕೆಂಪಣ್ಣ, ಚೆನ್ನಯ್ಯ, ಮಲ್ಲಿಗಮ್ಮ ಮೂವರೂ ಸಂಘದ ಕೋಣೆಯಲ್ಲಿ ಸೇರಿದರು. ಉಳಿದ ನಿರ್ದೇಶಕರು ಗೈರುಹಾಜರಿ ಎಂದು ಬರೆಸಿದ್ದರು. ಅಷ್ಟರ ಮಟ್ಟಿಗೆ ಸಭೆ ನಿಜದ ಸಭೆಯಂತೆಯೇ ಇತ್ತು. ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ಗೋಡೆ, ಕ್ಯಾನು, ಕುರ್ಚಿ ಎಲ್ಲ ನೋಡಿದಳು.

“ನಾನ್ ಡೈರೆಟ್ರಾಗಿ ಮೂರ್ ವರ್ಷ ಆತು ಅಂತಾರೆ. ಒಳಿಕ್ ಬತ್ತಿರಾದು ಇವತ್ತೇಯ.”

ಮೋಹನ್‌ಕುಮಾರ ನಡಾವಳಿಯನ್ನು ಮೂರು ಹಾಳೆಗೆ ನಕಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದ. ಫೋನಿನ ಗುಂಡಿ ಒತ್ತಿ ಮೇಜಿನ ಮೇಲೆ ಬೋರಲು ಹಾಕಿದ. ಫೋನನ್ನು ಬೋರಲು ಹಾಕಿದರೆ ಅದಕ್ಕೆ ಕಿವಿ ಕೇಳುವುದಿಲ್ಲ ಎಂಬುದು ಅವನ ನಂಬಿಕೆ. ಇದನ್ನು ಅವನಿಗೆ ಯಾರು ಹೇಳಿದರೋ ತಿಳಿಯದು. ಹಾಸನದ ತರಬೇತಿಯಲ್ಲಂತೂ ಹೇಳಿರಲಿಲ್ಲ.

“ಅಣ್ಣ, ಮೊದಲನೇದು ಫೆಬ್ರವರಿ ಸಭೆ. ಚಳಿ ಕಾಲ. ಚಳಿಯಿಂದ ಶುರು ಮಾಡಿ,” ಎಂದು ಫೋನು ಅಂಗಾತ ಮಾಡಿದ.

ಕೆಂಪಣ್ಣ ಟವೆಲಿನಿಂದ ಕತ್ತಿನ ಬೆವರು ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ. “ಬಾಳಾ ಚಳಿ ಕಣ್ರಯ್ಯ ಇವತ್ತು. ಲೇ ಮೋಹ್ನ, ಆ ಫ್ಯಾನ ಇನ್ನೊಸಿ ಜೋರ್ ಮಾಡ್ಲಾ.”

ಮೋಹನ್‌ಕುಮಾರ ಫೋನು ಬೋರಲು ಹಾಕಿದ. “ಅಣ್ಣ! ಚಳಿ ಅಂತ ಹೇಳಿ ಫ್ಯಾನ್ ಕೇಳಿದ್ರೆ ಹಾಸನದೋರಿಗೆ ಗೊತ್ತಾಗಲ್ವಾ, ಮೂರೂ ಸಭೆ ಇವತ್ತೇ ಮಾಡ್ತಾ ಇದೀವಿ ಅಂತ?”

“ಏನ್ ಗೊತ್ತಾಯ್ತದ್ಲಾ ಅವ್ರಿಗೆ? ಎಲ್ಡ್ ಬೋಂಡ, ಒಂದ್ ಎಳ್ನೀರು ಕೊಟ್ರೆ ಯಾವ್ ಪುಸ್ತಕಕ್ ಬೇಕಾದ್ರೂ ಸಹಿ ಹಾಕೋ ಜನ!”

ಫೋನು ಮತ್ತೆ ಅಂಗಾತವಾಯಿತು. ಒಂದನೆಯ ವಿಷಯ ದಾಟಿತು. ಎರಡನೆಯದರಲ್ಲಿ ಕೆಂಪಣ್ಣ ಹಾಲಿನ ಗುಣಮಟ್ಟ ಹೆಚ್ಚಿಸಲು ಕರೆ ನೀಡಿದ. ಕರೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೂರನೆಯದು ಚೆನ್ನಯ್ಯನ ಪಾಲಿಗೆ ಬಂದಿತ್ತು. ಆತ ಎದ್ದು ನಿಂತು, ಶಾಲೆಯಲ್ಲಿ ಓದಿದಂತೆ ಓದಿದ: “ವಿಷಯ ಮೂರು. ಶ್ರೀಮತಿ ಲಕ್ಕಮ್ಮನವರ ಅರ್ಜಿ. ಕೂಲಂಕಷವಾಗಿ ಚರ್ಚಿಸಲಾಯಿತು.” ಕೂತುಬಿಟ್ಟ.

ಫೋನು ಬೋರಲಾಯಿತು. “ಚೆನ್ನಣ್ಣ, ಅದನ್ನ ಓದಾದಲ್ಲ. ಮಾಡ್ಬೇಕು.”

“ನಲವತ್ ಸಲ ಮಾಡಿದೀವಲ್ಲಯ್ಯಾ. ಸಹಿ ಹಾಕಿವ್ನಿ.”

“ಅದು ಪುಸ್ತಕದಲ್ಲಿ. ಈಗ ಬಾಯಲ್ಲಿ ಮಾಡ್ಬೇಕು.”

“ಏನಂತ ಮಾಡಾನ?”

ನಲವತ್ಮೂರು ತಿಂಗಳು ಕೂಲಂಕಷವಾಗಿ ಚರ್ಚಿಸಿದ ವಿಷಯ ಏನೆಂಬುದು ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೋಹನ್‌ಕುಮಾರನಿಗೂ ಮರೆತಿತ್ತು. ಬೀರುವಿನ ಕೆಳಗಿನ ಅರೆಯಿಂದ ಅರ್ಜಿ ಹುಡುಕಿ ತೆಗೆದು ಧೂಳು ಕೊಡವಿ ಓದಿದ. ಅರ್ಧ ಪುಟ.

“ಅಷ್ಟೇಯಾ?” ಎಂದಳು ಮಲ್ಲಿಗಮ್ಮ.

“ಅಷ್ಟೇ ಅಕ್ಕ.”

“ಸತ್ತೋನ ಎಸ್ರು ಒಡ್ದು ಬದುಕಿರೋಳ ಎಸ್ರು ಬರಿಯಾಕೆ ನಾಕ್ ವರ್ಷ ಬೇಕಾಯ್ತಾ ನಿಮ್ಗೆ? ಆ ಹಸ ಸತ್ತಾಗ ಅವಳು ಅಟ್ಟೀಲಿ ಬಿದ್ ಒಳ್ಳಾಡಿ ಅತ್ತಿದ್ದನ್ನ ನಾನು ನೋಡಿವ್ನಿ. ನಾನ್ ಒಪ್ಪಿದೀನಿ. ಬರ್ಕೊ.”

ಚೆನ್ನಯ್ಯನಿಗೆ ಇಸ್ಪೀಟಿನ ಹೊತ್ತು ಮೀರುತ್ತಿತ್ತು. “ನಂದೂ ಒಪ್ಗೆ.” ಕೆಂಪಣ್ಣನಿಗೆ ಬೀಗರೂಟದ ಚಿಂತೆ. “ಆಯ್ತು ಬುಡು, ಎಲ್ರೂ ಒಪ್ಪವ್ರೆ. ಮುಂದುಕ್ ಓಗು.”

“ಇಲ್ಲ ಇಲ್ಲ!” ಮೋಹನ್‌ಕುಮಾರ ಮೇಲೆದ್ದ. “ಒಪ್ಬಾರ್ದು! ಪುಸ್ತಕದಲ್ಲಿ ಮುಂದೂಡಿದೆ. ಮಾರ್ಚಲ್ಲೂ ಇದೇ ಇದೆ, ಏಪ್ರಿಲ್ಲಲ್ಲೂ ಇದೇ ಇದೆ. ಈಗಲೇ ಒಪ್ಬುಟ್ರೆ ನಾನು ಮುಂದಿನ ತಿಂಗಳು ಏನ್ ಬರೀಲಿ?”

ಫೋನು ಅಂಗಾತವಾಯಿತು. ಮಾರ್ಚ್ ಸಭೆಯಲ್ಲಿ ಮಲ್ಲಿಗಮ್ಮ, “ಆಗೋಗಿರೋ ಇಸ್ಯ ಮತ್ಯಾಕೆ?” ಎಂದು ಹಾಳೆಯನ್ನೇ ಮುಟ್ಟಲಿಲ್ಲ. ಏಪ್ರಿಲ್ ಸಭೆ ನಡೆಯುವಾಗ ಕೆಂಪಣ್ಣ ಬೀಗರೂಟಕ್ಕೆ ಹೊರಟುಹೋಗಿದ್ದ. ಎಲ್ಲ ಮುಗಿದ ಮೇಲೆ ಮೋಹನ್‌ಕುಮಾರ ಫೋನಿಗೆ, “ಸಭೆ ಕೇಳಿಸ್ತಾ?” ಎಂದ. “ಸಭೆ ದಾಖಲಾಗಿದೆ,” ಎಂದಿತು. ಅವನಿಗೆ ಅಷ್ಟು ಸಾಕಾಯಿತು. ಎಂಟು ವರ್ಷ ತಾನು ಬರೆದದ್ದನ್ನು ಒಂದು ದಿನವೂ ತಿರುಗಿ ಓದದವನು ಇನ್ನೊಬ್ಬರು ಬರೆದದ್ದನ್ನು ಓದುತ್ತಾನೆಯೇ? ಬೋರಲು ಹಾಕಿದಾಗ ಆಡಿದ ಮಾತೆಲ್ಲ ಗಾಳಿಗೆ ಹೋಯಿತೆಂದು ನಿಶ್ಚಿಂತನಾಗಿ ಶಾಲಿಗೆ ಒಪ್ಪುವ ಅಂಗಿ ಹೊಲಿಸಲು ಹೋದ.

ಮುಂದಿನ ಶುಕ್ರವಾರ ಸಂಘದ ಮುಂದೆ ಶಾಮಿಯಾನ ಎದ್ದಿತು. ಊರವರು ಸೇರಿದರು. ಬೆಳಗಿನ ಹಾಲು ಹಾಕಿದ ಲಕ್ಕಮ್ಮ ಖಾಲಿ ಕ್ಯಾನು ಹಿಡಿದು ಕಂಬದ ಪಕ್ಕದಲ್ಲೇ ನಿಂತಳು. ಶ್ರೀಗೌರಿಯ ಜೊತೆಗೆ ಮೇಲಧಿಕಾರಿ ವೆಂಕಟರಾಮಯ್ಯನವರು ಬಂದರು. ನಿವೃತ್ತಿಗೆ ಏಳು ತಿಂಗಳಿದ್ದ ಮನುಷ್ಯ. ಯಾವುದೂ ತಮ್ಮ ಕಾಲದಲ್ಲಿ ಆಗಬಾರದು ಎಂಬುದೊಂದೇ ಅವರ ಆಡಳಿತ ನೀತಿ. ಅವರಿಗೆ ಒಂದು ಎಳನೀರು, ಎರಡು ಬೋಂಡ ಕೊಟ್ಟರು. ಶಾಲು ತಟ್ಟೆಯಲ್ಲಿತ್ತು, ಹಸಿರು ಬಣ್ಣದ್ದು. ಮೋಹನ್‌ಕುಮಾರ ಅದನ್ನು ನೋಡಿ ಆಗಲೇ ಸ್ವಲ್ಪ ಕುತ್ತಿಗೆ ಬಾಗಿಸಿದ್ದ.

ಶ್ರೀಗೌರಿ ಅವನ ಫೋನನ್ನು ಧ್ವನಿವರ್ಧಕಕ್ಕೆ ಜೋಡಿಸಿ, “ಇತ್ತೀಚಿನ ಸಭೆಗಳ ಸಾರಾಂಶ ಕೊಡು” ಎಂದಳು.

“ಇತ್ತೀಚಿನ ಸಭೆಗಳು: ಒಂದು,” ಎಂದಿತು ಫೋನು. “ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆಯವರೆಗೆ. ಮಾತನಾಡಿದವರು ನಾಲ್ವರು. ಹವಾಮಾನದ ಬಗ್ಗೆ ಅಧ್ಯಕ್ಷರು, ಬಹಳ ಚಳಿ ಎಂದು ಅಭಿಪ್ರಾಯಪಟ್ಟು, ಫ್ಯಾನನ್ನು ಜೋರು ಮಾಡಲು ಸೂಚಿಸಿದರು.”

ಜನ ನಕ್ಕರು. ಕೆಂಪಣ್ಣನೂ ಏನೆಂದು ತಿಳಿಯದೆ ನಕ್ಕ.

“ನಡೆಯದ ಮೂರು ಸಭೆಗಳನ್ನು ನಡೆದಂತೆ ತೋರಿಸುವ ಬಗ್ಗೆ ಚರ್ಚೆಯಾಯಿತು. ಅಧಿಕಾರಿಗಳಿಗೆ ಇದು ಗೊತ್ತಾಗಬಹುದೆಂದು ಕಾರ್ಯದರ್ಶಿಗಳು ಆತಂಕ ವ್ಯಕ್ತಪಡಿಸಿದರು. ಎರಡು ಬೋಂಡ, ಒಂದು ಎಳನೀರು ಕೊಟ್ಟರೆ ಅವರು ಯಾವ ಪುಸ್ತಕಕ್ಕಾದರೂ ಸಹಿ ಹಾಕುತ್ತಾರೆಂದು ಅಧ್ಯಕ್ಷರು ಭರವಸೆ ನೀಡಿದರು.”

ವೆಂಕಟರಾಮಯ್ಯನವರ ಎರಡನೆಯ ಬೋಂಡ ಬಾಯಿಯ ಹತ್ತಿರ ನಿಂತುಬಿಟ್ಟಿತು. ಇಡಲು ತಟ್ಟೆ ಹುಡುಕಿದರು, ತಟ್ಟೆಯಲ್ಲಿ ಶಾಲಿತ್ತು.

“ತೀರ್ಮಾನ: ಒಂದು. ಶ್ರೀಮತಿ ಲಕ್ಕಮ್ಮನವರ ಹೆಸರಿಗೆ ಸದಸ್ಯತ್ವ ವರ್ಗಾಯಿಸಲು ಹಾಜರಿದ್ದ ನಿರ್ದೇಶಕರೆಲ್ಲ ಒಪ್ಪಿದರು. ಕಾರ್ಯದರ್ಶಿಗಳು ವಿರೋಧಿಸಿದರು. ಕಾರಣ: ಮುಂದಿನ ತಿಂಗಳು ಬರೆಯಲು ವಿಷಯವಿರುವುದಿಲ್ಲ.”

ಲಕ್ಕಮ್ಮ ಕ್ಯಾನನ್ನು ನೆಲಕ್ಕಿಟ್ಟಳು. ಅದರ ಸದ್ದು ಶಾಮಿಯಾನದ ಕೊನೆಯವರೆಗೂ ಕೇಳಿಸಿತು.

ವೆಂಕಟರಾಮಯ್ಯನವರು ಬೋಂಡವನ್ನು ಶ್ರೀಗೌರಿಯ ಕೈಗೆ ಕೊಟ್ಟು ಎದ್ದರು. “ಏನ್ರೀ ಮೋಹನ್‌ಕುಮಾರ್, ಒಂದೇ ಮಾತು ಹೇಳಿ. ಭಾನುವಾರ ನಡೆದದ್ದು ಸಭೆಯೋ, ನಾಟಕವೋ? ನಾಟಕ ಅಂದ್ರೆ ಈಗಲೇ ಪುಸ್ತಕ ವಶಪಡಿಸ್ಕೋತೀನಿ, ನಿಮ್ಮನ್ನ ಮನೆಗೆ ಕಳಿಸ್ತೀನಿ. ಸಭೆ ಅಂದ್ರೆ ಸಭೆ ಅಂತ ಬರೆದು ಕೊಡಿ, ನಾನು ಹೊರಡ್ತೀನಿ.”

ತೊಂಬತ್ತಾರು ಸುಳ್ಳುಗಳನ್ನು ಅಳುಕಿಲ್ಲದೆ ಬರೆದ ಮನುಷ್ಯ ಒಂದು ಮಾತಿಗೆ ತಡವರಿಸಿದ. ಕೆಂಪಣ್ಣನ ಕಡೆ ನೋಡಿದ. ಕೆಂಪಣ್ಣ ಶಾಮಿಯಾನದ ಬಟ್ಟೆಯ ಹೊಲಿಗೆ ಪರೀಕ್ಷಿಸುತ್ತಿದ್ದ.

“ಸಭೆನೇ... ಸಾ.”

“ಸಭೆನೇ ಕಣ್ರೀ,” ಎಂದಳು ಮಲ್ಲಿಗಮ್ಮ, ಹೆಂಗಸರ ಗುಂಪಿನಿಂದ. “ನಾನೇ ಕೂತಿದ್ನಲ್ಲ.”

ಲಕ್ಕಮ್ಮ ಮೇಜಿನ ಹತ್ತಿರ ಬಂದು ನಿಂತಳು. “ಸಭೆ ಅಂದ್ ಮ್ಯಾಲೆ ಅಲ್ಲಿ ಆದದ್ದೂ ಆದಂಗೇ ಅಲ್ವಾ? ಬರಿಯಪ್ಪ ಮತ್ತೆ. ನಾ ಇಲ್ಲೇ ನಿಂತಿರ್ತೀನಿ.”

ಮೋಹನ್‌ಕುಮಾರ ಪುಸ್ತಕ ಬಿಚ್ಚಿದ. ಅವನ ಕೈ ತನ್ನಷ್ಟಕ್ಕೆ ತಾನೇ “ಕೂಲಂಕಷವಾಗಿ ಚರ್ಚಿಸಿ ಮುಂದಿನ” ಎಂದು ಬರೆದಿತ್ತು. ಮಲ್ಲಿಗಮ್ಮ ಬಂದು ಆ ಸಾಲಿನ ಮೇಲೆ ಬೆರಳಿಟ್ಟಳು. ಅವನು ಅದನ್ನು ಹೊಡೆದುಹಾಕಿ, “ಅಂಗೀಕರಿಸಲಾಯಿತು” ಎಂದು ಬರೆದ. ಆ ಪದದ ಅಕ್ಷರ ಮಾತ್ರ ಯಾಕೋ ಸೊಟ್ಟಗಾಯಿತು. ಕೆಂಪಣ್ಣ, ಚೆನ್ನಯ್ಯ ಸಹಿ ಹಾಕಿದರು. ಮಲ್ಲಿಗಮ್ಮನ ಗಂಡ ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದ. ಆಕೆ ಅವನ ಕೈ ಸರಿಸಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಹಿಂದಿನ ಪುಟಗಳಲ್ಲಿದ್ದ ಆಕೆಯ ಸಹಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ವೆಂಕಟರಾಮಯ್ಯನವರು ಅದನ್ನು ಗಮನಿಸಲಿಲ್ಲ. ಗಮನಿಸಿದರೆ ಏನಾದರೂ ಮಾಡಬೇಕಾಗುತ್ತಿತ್ತು.

ಶಾಲು ತಟ್ಟೆಯ ಸಮೇತ ಜೀಪು ಹತ್ತಿತು. “ಸಾ, ಸನ್ಮಾನ?” ಎಂದು ಮೋಹನ್‌ಕುಮಾರ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿದ.

“ನಮ್ಮ ಕಚೇರಿ ಸಭೇಲಿ ಇಟ್ಟು ನೋಡೋಣ,” ಎಂದರು ವೆಂಕಟರಾಮಯ್ಯನವರು.

ನಾಚಿಕೆಯಿದ್ದವನು ಅಲ್ಲಿಗೆ ಬಿಡುತ್ತಿದ್ದ. ಮೋಹನ್‌ಕುಮಾರ ಬಿಡಲಿಲ್ಲ, ಅಂಗಿ ಹೊಲಿಸಿಯಾಗಿತ್ತು. ತಿಂಗಳು ತಿಂಗಳೂ ಹಾಸನದ ಬಸ್ಸು ಹತ್ತಿ ದೊಡ್ಡ ಕಚೇರಿಗೆ ಹೋದ. “ನಿಮ್ಮ ವಿಷಯ ಸಭೇಲಿ ಬಂದಿತ್ತು ರೀ. ತುಂಬಾ ಚರ್ಚೆ ಆಯ್ತು,” ಎನ್ನುತ್ತಿದ್ದ ಅಲ್ಲಿಯ ಗುಮಾಸ್ತ. ಮೋಹನ್‌ಕುಮಾರನಿಗೆ ಹೆಮ್ಮೆಯಾಗುತ್ತಿತ್ತು. ಅಷ್ಟು ದೊಡ್ಡವರು ತನ್ನ ಬಗ್ಗೆ ಅಷ್ಟು ಹೊತ್ತು ಮಾತಾಡುತ್ತಾರಲ್ಲ!

ಆರನೆಯ ಸಲ ಅವನು ಹೋದದ್ದು ನಾಲ್ಕನೇ ತಾರೀಕು. ಗುಮಾಸ್ತ ಏನೋ ಬರೆಯುತ್ತಿದ್ದ. ಅಕ್ಷರ ಮುತ್ತು ಪೋಣಿಸಿದಂತಿತ್ತು. “ನಾಳೆ ಸಭೆ ಇದೆ, ನಿಮ್ಮದನ್ನೂ ಇಡ್ತೀವಿ, ನೋಡೋಣ,” ಎಂದು ಗುಮಾಸ್ತ ಟೀ ಕುಡಿಯಲು ಎದ್ದುಹೋದ. ಮೋಹನ್‌ಕುಮಾರ ಮೇಜಿನ ಮೇಲೆ ಬಗ್ಗಿ ನೋಡಿದ. ಪುಟದ ತಲೆಯಲ್ಲಿ ನಾಳೆಯ ತಾರೀಕಿತ್ತು. ಕೆಳಗೆ: “ವಿಷಯ ಮೂರು: ಸೋರೆಕೊಪ್ಪಲಿನ ಕಾರ್ಯದರ್ಶಿಯವರ ಸನ್ಮಾನ. ಕೂಲಂಕಷವಾಗಿ ಚರ್ಚಿಸಿ ಮುಂದಿನ ಸಭೆಗೆ ಮ” ಇಷ್ಟು ಬರೆದಿತ್ತು. ಶಾಯಿ ಇನ್ನೂ ಒಣಗಿರಲಿಲ್ಲ.

ಅವನು ಸದ್ದಿಲ್ಲದೆ ಮೆಟ್ಟಿಲಿಳಿದು ಬಂದ.

ಆರನೇ ತಾರೀಕು ಬೆಳಿಗ್ಗೆ ಹಾಲು ಹಾಕುವವರ ಸಾಲಿನಲ್ಲಿ ಲಕ್ಕಮ್ಮನ ಸರದಿ ಬಂತು. ಮಾಪಕ್ಕೆ ಹಾಲು ಸುರಿದು, ಕ್ಯಾನಿನ ಕೊನೆಯ ಹನಿ ಇಳಿಯುವವರೆಗೂ ಬಗ್ಗಿಸಿ ಹಿಡಿದು ಕೇಳಿದಳು: “ಏನಾಯ್ತಪ್ಪ ನಿನ್ ಶಾಲು?”

ಮೋಹನ್‌ಕುಮಾರ ತಲೆಯೆತ್ತಲಿಲ್ಲ. “ಚರ್ಚೆಗೆ ಬಂದಿತ್ತು ಕಣವ್ವ. ಮುಂದಿನ ಸಭೇಲಿ...”

“ಆಗ್ಲಿ ಬುಡು, ನಂಗೆ ಗೊತ್ತು ಅದು,” ಎಂದಳು ಲಕ್ಕಮ್ಮ. “ನೀನೀಗ ಇದ ಬರ್ಕೊ. ಲಕ್ಕಮ್ಮ. ಆರೂವರೆ ಲೀಟ್ರು.”